ಇನ್ನೊಬ್ಬರ ವಿಯೋಲಾ

ಹರಾಜು ಮನೆಯಲ್ಲಿ ಎಲ್ಲರೂ ಅವರನ್ನು ಮೇಷ್ಟ್ರು ಎಂದು ಕರೆಯುತ್ತಿದ್ದರು. ಜನ್ಮದಲ್ಲಿ ಯಾರಿಗೂ ಒಂದಕ್ಷರ ಪಾಠ ಹೇಳಿದವರಲ್ಲ. ಉದ್ದನೆಯ ಆಳು, ಸಪೂರ ಮೈ, ಕುತ್ತಿಗೆ ಎಡಕ್ಕೆ ಒಂದಿಷ್ಟು ವಾಲಿತ್ತು. ಪಕ್ಕದಲ್ಲಿ ನಿಂತ ಯಾರೋ ಗುಟ್ಟು ಹೇಳುತ್ತಿದ್ದಾರೆ, ಇವರು ಕಿವಿಗೊಟ್ಟಿದ್ದಾರೆ ಅನ್ನುವ ಹಾಗೆ ಕಾಣುತ್ತಿದ್ದರು. ಬಾಗಿಲಲ್ಲಿ ಕೊಡೆ, ಕೋಟು ಇಸಿದುಕೊಳ್ಳುವ ಕಾವಲಿನವನು ಆ ಗಂಭೀರ ಮುಖ ನೋಡಿ ಒಂದು ದಿನ "ಬನ್ನಿ ಮೇಷ್ಟ್ರೆ" ಎಂದ. ಅಷ್ಟೇ, ಆ ಹೆಸರು ಅಂಟಿಕೊಂಡಿತು. ಬೇರೆ ಹೆಸರಿನಿಂದ ಕರೆಯುವವರು ಎಂದು ಅವರಿಗೆ ಉಳಿದಿದ್ದವಳು ದೂರದ ಊರಿನ ಅಕ್ಕ ಒಬ್ಬಳೇ.

ಆ ಮನೆಯಲ್ಲಿ ವರ್ಷಕ್ಕೆ ಕೆಲವು ಸಲ ಹಳೆಯ ತಂತಿವಾದ್ಯಗಳ ಹರಾಜು ನಡೆಯುತ್ತಿತ್ತು. ಪಿಟೀಲುಗಳಿಗೆ ಬೇರೆ ದಿನ, ವಿಯೋಲಾಗಳಿಗೆ ಬೇರೆ ದಿನ. ವಿಯೋಲಾ ಅಂದರೆ ಪಿಟೀಲಿನ ಅಕ್ಕನಿದ್ದ ಹಾಗೆ. ಅದೇ ಮೈಕಟ್ಟು, ಅವೇ ನಾಲ್ಕು ತಂತಿ. ಆದರೆ ಮೈ ತುಸು ದೊಡ್ಡದು, ದನಿ ತುಸು ತಗ್ಗು. ಪಿಟೀಲಿನ ಹರಾಜಿಗೆ ನೂಕುನುಗ್ಗಲು, ಕ್ಯಾಮೆರಾ, ಹೂಗುಚ್ಛ. ವಿಯೋಲಾದ ಹರಾಜಿಗೆ ಬರುವವರು ಕಡಿಮೆ, ಬಂದವರು ಮಾತ್ರ ಹುಡುಗಾಟಕ್ಕೆ ಬಂದವರಲ್ಲ. ಒಳ್ಳೆಯ ಹಳೆಯ ವಿಯೋಲಾ ಸಿಗುವುದೇ ಅಪರೂಪ. ಒಂದು ಕಾಲದಲ್ಲಿ ದೊಡ್ಡ ವಿಯೋಲಾಗಳನ್ನು ಹಿಡಿಯಲು ಕಷ್ಟವೆಂದು ಅಂಚು ಕೊಯ್ದು ಚಿಕ್ಕದು ಮಾಡಿಬಿಡುತ್ತಿದ್ದರು. ಗರಗಸದ ಕಣ್ಣಿಗೆ ಬೀಳದೆ ಉಳಿದವು ಬೆರಳೆಣಿಕೆಯಷ್ಟು.

ಕೊಳ್ಳುವವರು ವಾದ್ಯವನ್ನು ಕೈಗೆ ತೆಗೆದುಕೊಂಡು ನೋಡಬಹುದು, ಬೆಳಕಿಗೆ ಹಿಡಿದು ವಾರ್ನಿಷ್ ನೋಡಬಹುದು, ಬೇಕಾದರೆ ಒಂದೆರಡು ಸಲ ಕಮಾನು ಎಳೆದೂ ನೋಡಬಹುದು. ಆದರೆ ಗಲ್ಲದ ಕೆಳಗೆ ಇಟ್ಟುಕೊಂಡವನಿಗೆ ಕೇಳುವ ದನಿ ಒಂದು, ಕೋಣೆಯ ಆ ತುದಿಯಲ್ಲಿ ಕೂತವನಿಗೆ ಕೇಳುವ ದನಿ ಇನ್ನೊಂದು. ಅದಕ್ಕೇ ಹರಾಜಿನ ಹಿಂದಿನ ದಿನ ಮಧ್ಯಾಹ್ನ ಮೇಷ್ಟ್ರು ದೊಡ್ಡ ಕೋಣೆಯ ಒಂದು ಕೊನೆಯಲ್ಲಿ ನಿಂತು, ಮೇಜಿನ ಮೇಲಿನ ವಿಯೋಲಾಗಳನ್ನು ಒಂದಾದ ಮೇಲೊಂದು ಎತ್ತಿಕೊಂಡು ನುಡಿಸುತ್ತಿದ್ದರು. ಎಲ್ಲಕ್ಕೂ ಅದೇ ಎಂಟು ಸಾಲು. ತಾವೇ ಕಟ್ಟಿಕೊಂಡದ್ದು. ದಪ್ಪ ತಂತಿಯಲ್ಲಿ ನೆಲಕ್ಕೆ ಕೂತಂತೆ ಶುರುವಾಗಿ, ಮೆಟ್ಟಿಲು ಹತ್ತಿ, ಮೇಲೆ ಒಂದು ಕಡೆ ಉಸಿರು ಹಿಡಿದು ನಿಂತು, ಮತ್ತೆ ಇಳಿಯುವುದು. ಎಲ್ಲ ವಾದ್ಯದಲ್ಲೂ ಎಲ್ಲೋ ಒಂದು ಸ್ವರ ಹಟಮಾರಿ ಇರುತ್ತದೆ; ಅದನ್ನು ಒತ್ತಿದರೆ ದನಿ ಗುರುಗುಟ್ಟುತ್ತದೆ, ತೊದಲುತ್ತದೆ. ಮೇಷ್ಟ್ರಿಗೆ ಆ ಸ್ವರ ಎಲ್ಲಿದೆ ಎಂದು ಹುಡುಕಿ, ಅದರ ಕಾಲು ತುಳಿಯದೆ ಪಕ್ಕದಲ್ಲಿ ಹಾದುಹೋಗುವುದು ಗೊತ್ತಿತ್ತು. ನುಡಿಸಿ ಮುಗಿಸಿ, ಕಮಾನಿನಿಂದ ಉದುರಿದ ರಾಳದ ಪುಡಿ ಒರೆಸಿ, ಮೇಜಿನ ಮೇಲಿಟ್ಟು, ಮುಂದಿನದನ್ನು ಎತ್ತಿಕೊಳ್ಳುವುದು. ಮರುದಿನ ಅವೆಲ್ಲ ಯಾರ್ಯಾರದೋ ಮನೆ ಸೇರುತ್ತಿದ್ದವು.

ಇಂಥ ಕೆಲಸಕ್ಕೆ ಬಂದು ಬಿದ್ದ ಕತೆಯೂ ಹೇಳುವಂಥದೇ. ಮೊದಲು ಮೇಷ್ಟ್ರು ನಾಲ್ವರ ಒಂದು ತಂಡದಲ್ಲಿದ್ದರು. ಇಬ್ಬರು ಪಿಟೀಲಿನವರು, ತಗ್ಗು ದನಿಯ ದೊಡ್ಡ ತಂತಿವಾದ್ಯ ಚೆಲ್ಲೋದವನು ಒಬ್ಬ, ನಡುವೆ ಇವರು. ಒಳ್ಳೆಯ ಹೆಸರೂ ಇತ್ತು. ಆಮೇಲೆ ಮೊದಲ ಪಿಟೀಲಿನವನೂ ಎರಡನೇ ಪಿಟೀಲಿನವಳೂ ಮದುವೆಯಾದರು. ತಂಡಕ್ಕೆ ಇದಕ್ಕಿಂತ ಒಳ್ಳೆಯದು ಏನಿದೆ ಎಂದು ಎಲ್ಲರೂ ಸಂತೋಷಪಟ್ಟರು. ಕೆಲವು ವರ್ಷ ಕಳೆದು ಅವರಿಬ್ಬರೂ ಮುಖ ಮುಖ ನೋಡದ ಹಾಗೆ ಬೇರೆಯಾದರು. ಒಬ್ಬರಿದ್ದ ಕೋಣೆಗೆ ಇನ್ನೊಬ್ಬರು ಕಾಲಿಡರು. ಮೇಷ್ಟ್ರು ಇಬ್ಬರ ಮನೆಗೂ ಓಡಾಡಿ ಚಪ್ಪಲಿ ಸವೆಸಿದರು. ಇವನ ದೂರು ಅವಳಿಗೆ ಹೇಳದೆ, ಅವಳ ದೂರು ಇವನಿಗೆ ಹೇಳದೆ ಬರೀ "ಹೂಂ, ಹೂಂ" ಎಂದು ಕೇಳಿಸಿಕೊಂಡು ಬಂದರು. ಕೊನೆಗೆ ಪಿಟೀಲಿನವನು ಒಂಟಿ ಕಛೇರಿ ಕೊಡಲು ಹೊರಟ, ಅವಳು ಮಕ್ಕಳಿಗೆ ಕಲಿಸಲು ಶುರುಮಾಡಿದಳು, ಚೆಲ್ಲೋದವನು ಬೇರೆ ಊರಿನಲ್ಲಿ ಕೆಲಸ ಹಿಡಿದ. ಉಳಿದವರು ಇವರು. ನಡುವಿನ ದನಿಯವನನ್ನು ಒಬ್ಬನನ್ನೇ ಯಾರು ಕರೆಯುತ್ತಾರೆ? ಫೋನು ಬಂದೀತು ಎಂದು ಒಂದು ವರ್ಷ ಕಾದರು. ಆಮೇಲೆ ಕಾಯುವುದನ್ನು ಬಿಟ್ಟು, ಹರಾಜು ಮನೆಯ ಬಾಗಿಲು ತಟ್ಟಿದರು.

ಇದ್ದದ್ದು ಒಂದು ಬಟ್ಟೆ ಒಗೆಯುವ ಅಂಗಡಿಯ ಮೇಲಿನ ಕೋಣೆಯಲ್ಲಿ. ಬೆಳಗಿನಿಂದ ಕೆಳಗೆ ಯಂತ್ರಗಳು ತಿರುಗಿ ನೆಲ ಬೆಚ್ಚಗಿರುತ್ತಿತ್ತು, ಸೋಪಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಒಂದು ಮಂಚ, ಒಂದು ಒಲೆ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಇಸ್ತ್ರಿಯಾದ ಅಂಗಿಗಳು ಕೂತಿರುತ್ತಿದ್ದವು. ಅವರ ಸ್ವಂತದ ವಿಯೋಲಾ ಕಾರ್ಖಾನೆಯ ಮಾಲು, ಸೆಕೆಗೆ ಒಂದು ದನಿ, ಚಳಿಗೆ ಇನ್ನೊಂದು ದನಿ. ಹಲಗೆಯ ಪೆಟ್ಟಿಗೆಯೊಳಗೆ ಕೂತು ಯಾರೋ ಕೆಮ್ಮಿದಂತೆ ಕೇಳುತ್ತಿತ್ತು. ಅದರ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಬಹಳ ಕಾಲ ಜೊತೆಗಿದ್ದವರ ಬಗ್ಗೆ ಸುಮ್ಮನಾಗಿಬಿಡುವಂತೆ ಸುಮ್ಮನಾಗಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಉಗ್ರಾಣದಲ್ಲಿ ಹೊಸದಾಗಿ ಬಂದ ಪೆಟ್ಟಿಗೆಗಳನ್ನು ತೆಗೆದು ನೋಡುತ್ತಿದ್ದರು. ಒಂದರಲ್ಲಿ, ಬಣ್ಣ ಮಾಸಿದ ಹಸಿರು ಬಟ್ಟೆಯ ಕೆಳಗೆ, ಒಂದು ದೊಡ್ಡ ವಿಯೋಲಾ ಮಲಗಿತ್ತು. ಕೊಯ್ಯದೆ ಉಳಿದದ್ದು. ಕಂದು ಬಣ್ಣದ ಮೈ, ಗಲ್ಲ ತಾಗುವಲ್ಲಿ ವಾರ್ನಿಷ್ ಸವೆದು ಹಳದಿ ಮರ ಕಾಣುತ್ತಿತ್ತು. ಹೆಗಲ ಬಳಿ ಒಂದು ಹಳೆಯ ಬಿರುಕನ್ನು ಯಾರೋ ಬಲ್ಲವರು ಕೂಡಿಸಿದ್ದರು. ತಂತಿ ಬಿಗಿಯುವ ನಾಲ್ಕು ಬಿರಡೆಗಳಲ್ಲಿ ಒಂದು ಬೇರೆ ಮರದ್ದು. ಮೇಷ್ಟ್ರು ಶ್ರುತಿ ಮಾಡಿ, ದಪ್ಪ ತಂತಿಯ ಮೇಲೆ ಕಮಾನನ್ನು ಸುಮ್ಮನೆ ಇಟ್ಟರು. ಎಳೆಯಲಿಲ್ಲ, ಅದರ ಭಾರ ಬಿಟ್ಟರು ಅಷ್ಟೇ.

ಆ ದನಿ ಎಲ್ಲಿಂದ ಬಂತು ಎಂದು ತಿರುಗಿ ನೋಡುವ ಹಾಗಾಯಿತು. ಕತ್ತಲ ಕೋಣೆಯಲ್ಲಿ ಯಾರೋ ಇದ್ದಾರೆ ಎಂದು ಗೊತ್ತಾದಾಗ ಮೈ ಜುಮ್ಮೆನ್ನುತ್ತದಲ್ಲ, ಹಾಗೆ. ಮೇಷ್ಟ್ರು ಎಂಟು ಸಾಲು ನುಡಿಸಲು ಹೋಗಲಿಲ್ಲ. ತಂಡದಲ್ಲಿದ್ದಾಗ ನುಡಿಸುತ್ತಿದ್ದ ಯಾವುದೋ ನಡುವಿನ ಭಾಗ ಕೈಗೆ ತಾನಾಗಿ ಬಂತು. ಮೇಲಿನ ಪಿಟೀಲುಗಳಿಲ್ಲ, ಕೆಳಗೆ ಚೆಲ್ಲೋ ಇಲ್ಲ. ಆದರೂ ಈ ವಿಯೋಲಾದಲ್ಲಿ ಅವರೆಲ್ಲ ಪಕ್ಕದ ಕೋಣೆಗೆ ನೀರು ಕುಡಿಯಲು ಹೋದವರಂತೆ, ಈಗ ಬರುತ್ತಾರೆ ಎಂಬಂತೆ ಕೇಳುತ್ತಿತ್ತು. ನಿಲ್ಲಿಸಿದಾಗ ಮೇಷ್ಟ್ರ ಕಣ್ಣು ಮಂಜಾಗಿತ್ತು. ಉಗ್ರಾಣದ ಧೂಳು ಎಂದುಕೊಂಡರು.

ಆ ವಾರ ಅವರಿಗೆ ಊಟ ರುಚಿಸಲಿಲ್ಲ. ಹರಾಜು ಕೂಗುವಾಕೆಯ ಹತ್ತಿರ, ಕಾಫಿ ಲೋಟ ಕೈಯಲ್ಲಿಟ್ಟುಕೊಂಡು, ಮಾತಿಗೆ ಮಾತು ಬಂತು ಅನ್ನುವ ಹಾಗೆ ಕೇಳಿದರು. ಆಕೆ ಗಿಡ್ಡನೆಯ, ಗಟ್ಟಿ ಗಂಟಲಿನ ಹೆಂಗಸು. ಮನೆಯ ಯಜಮಾನಿಕೆಯೂ ಆಕೆಯದೇ. ಬೆನ್ನ ಹಿಂದೆ ಎಲ್ಲರೂ ಸುತ್ತಿಗೆಯಮ್ಮ ಎನ್ನುತ್ತಿದ್ದರು, ಆಕೆಗೂ ಅದು ಗೊತ್ತಿತ್ತು.

"ಅಲ್ಲ, ಇಲ್ಲಿ ಕೆಲಸ ಮಾಡೋರು ಸವಾಲು ಕೂಗಬಹುದಾ?"

"ಯಾರು ಕೂಗ್ತಾರಂತೆ?"

"ಸುಮ್ನೆ ಕೇಳ್ದೆ."

"ಕೂಗೋ ಹಾಗಿಲ್ಲ ಮೇಷ್ಟ್ರೆ. ಮಾಲು ತೋರಿಸೋರೂ ನಾವೇ, ತಗೊಳ್ಳೋರೂ ನಾವೇ ಅಂದ್ರೆ ಜನ ಮುಖಕ್ಕೆ ಉಗೀತಾರೆ. ಕೂಗ್ಬೇಕು ಅನ್ನೋರು ಕೆಲಸ ಬಿಟ್ಟು, ಆ ಕಡೆ ಕುರ್ಚೀಲಿ ಕೂತು ಕೂಗ್ಲಿ. ಯಾರು ಬೇಡ ಅಂತಾರೆ?"

ಆಕೆ ತಮಾಷೆಗೆ ಹೇಳಿದಳು. ಮೇಷ್ಟ್ರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರು.

ಭಾನುವಾರ ಅಕ್ಕನ ಫೋನು ಬಂತು. ಅಕ್ಕ ಅವರಿಗಿಂತ ಬಹಳ ದೊಡ್ಡವಳು, ಎತ್ತಿ ಆಡಿಸಿದವಳು. ಅವಳ ಪಾಲಿಗೆ ತಮ್ಮ ಇನ್ನೂ ಶೂ ದಾರ ಕಟ್ಟಲು ಬಾರದವನು.

"ಊಟ ಆಯ್ತೇನೋ?"

"ಆಯ್ತಕ್ಕ."

"ಸುಳ್ಳು ಹೇಳ್ತೀಯ. ದನಿ ಕೇಳಿದ್ರೆ ಗೊತ್ತಾಗಲ್ವಾ ನಂಗೆ? ಏನಾಯ್ತು?"

ಮೇಷ್ಟ್ರು ವಿಯೋಲಾದ ವಿಷಯ ಹೇಳಿದರು. ಕೂಡಿಟ್ಟಿದ್ದನ್ನೆಲ್ಲ ಅದಕ್ಕೆ ಸುರಿಯುತ್ತೇನೆ ಎಂದೂ ಹೇಳಿದರು.

"ನಿನ್ನ ಹತ್ರ ಒಂದು ಇದೆಯಲ್ಲೋ. ಎರಡು ಇಟ್ಕೊಂಡು ಏನ್ಮಾಡ್ತೀಯ, ಎರಡು ಕೈಯಲ್ಲಿ ಎರಡು ನುಡಿಸ್ತೀಯಾ?"

"ಇದು ಬೇರೆ ಅಕ್ಕ. ಇದನ್ನ ನುಡಿಸ್ತಾ ಇದ್ರೆ ಒಬ್ನೇ ಇದೀನಿ ಅನ್ಸಲ್ಲ."

ಆಮೇಲೆ ಅಕ್ಕ, "ತಗೋ ಹಾಗಾದ್ರೆ. ನನ್ನನ್ನೇನು ಕೇಳ್ತೀಯ," ಎಂದು ಮೂಗು ಒರೆಸಿಕೊಂಡಳು. ನೆಗಡಿ ಎಂದಳು.

ಇಷ್ಟರಲ್ಲಿ ಇನ್ನೊಂದು ಯೋಚನೆ ಮೇಷ್ಟ್ರ ತಲೆಯೊಳಗೆ ಹೊಕ್ಕಿತ್ತು. ಕರೆದದ್ದಲ್ಲ, ತಾನಾಗಿ ಬಂದದ್ದು. ವಾದ್ಯದ ಬೆಲೆ ಏರುವುದು ಯಾವಾಗ? ಹಿಂದಿನ ದಿನ ಇವರು ನುಡಿಸಿದಾಗ. ಎಷ್ಟೋ ಸಲ ನೋಡಿದ್ದರು: ಎಂಟು ಸಾಲು ಮುಗಿಯುವ ಹೊತ್ತಿಗೆ ಕೂತವರು ಮುಂದಕ್ಕೆ ಬಾಗುತ್ತಿದ್ದರು, ಕೈಯ ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಇವರು ಚೆನ್ನಾಗಿ ನುಡಿಸಿದಷ್ಟೂ ಅದು ಇವರ ಕೈಗೆ ಎಟುಕದಷ್ಟು ಮೇಲೆ ಹೋಗುತ್ತದೆ. ಒಂದೇ ಒಂದು ಸಲ ಚೆನ್ನಾಗಿ ನುಡಿಸದೆ ಇದ್ದರೆ?

ಬೇಡ ಎಂದು ತಲೆ ಕೊಡವಿದರು. ಮಾರನೆಯ ದಿನ ಅದೇ ಯೋಚನೆ ಕನ್ನಡಿಯ ಮುಂದೆ, ಗಡ್ಡ ಹೆರೆದುಕೊಳ್ಳುವಾಗ, ಮತ್ತೆ ಬಂದು ನಿಂತಿತು. ಯಾರಿಗೆ ನಷ್ಟ? ಬರುವ ಶ್ರೀಮಂತರು ಅದನ್ನು ಒಯ್ದು ಗಾಜಿನ ಕಪಾಟಿನಲ್ಲಿ ಇಡುತ್ತಾರೆ. ನಾನಾದರೆ ನುಡಿಸುತ್ತೇನೆ. ಹೀಗೆ ತಮಗೆ ತಾವೇ ವಕೀಲರಾಗಿ ವಾದ ಮಾಡಿಕೊಂಡು, ತಾವೇ ನ್ಯಾಯಾಧೀಶರಾಗಿ ತೀರ್ಪು ಕೊಟ್ಟುಕೊಂಡರು.

ಹರಾಜಿನ ಹಿಂದಿನ ದಿನ ಮಧ್ಯಾಹ್ನ ಕೋಣೆ ಅರ್ಧ ತುಂಬಿತ್ತು. ವ್ಯಾಪಾರಿಗಳು, ಒಂದಿಬ್ಬರು ವಾದಕರು, ಕಾಲ ಮೇಲೆ ಕಾಲು ಹಾಕಿಕೊಂಡ ಒಬ್ಬ ಸಂಗ್ರಹಕಾರ. ಕೊನೆಯ ಸಾಲಿನಲ್ಲಿ, ಗೋಡೆಯ ಪಕ್ಕ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ವಯಸ್ಸಾದ ಹೆಂಗಸು. ಮೇಷ್ಟ್ರು ಮೊದಲಿನ ವಿಯೋಲಾಗಳನ್ನು ಎಂದಿನಂತೆ ನುಡಿಸಿದರು. ಆಮೇಲೆ ಆ ದೊಡ್ಡದನ್ನು ಎತ್ತಿಕೊಂಡರು.

ಕೆಟ್ಟದಾಗಿ ನುಡಿಸುವುದು ಅಷ್ಟು ಸುಲಭವಲ್ಲ ಎಂದು ಅವತ್ತು ಗೊತ್ತಾಯಿತು. ತಪ್ಪು ಸ್ವರ ನುಡಿಸಿದರೆ ನುಡಿಸುವವನ ತಪ್ಪು ಎಂದು ಎಲ್ಲರಿಗೂ ತಿಳಿಯುತ್ತದೆ. ಸ್ವರ ಸರಿಯಾಗಿಯೇ ಇರಬೇಕು, ತಪ್ಪು ವಾದ್ಯದ್ದು ಅನ್ನಿಸಬೇಕು. ಮೇಷ್ಟ್ರು ಕಮಾನನ್ನು ಹಗುರಾಗಿ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ ತೀರಾ ಹತ್ತಿರ ಎಳೆದರು. ದನಿ ತೆಳುವಾಗಿ, ಮೂಗಿನಲ್ಲಿ ಬಂತು. ಮೆಟ್ಟಿಲು ಹತ್ತುವಾಗ ಆ ಹಟಮಾರಿ ಸ್ವರದ ಪಕ್ಕದಲ್ಲಿ ಹಾದುಹೋಗದೆ ಅದರ ಮೇಲೇ ಹೋಗಿ ಕೂತರು. ವಿಯೋಲಾ ಗುರುಗುಟ್ಟಿತು. ಸಂಗ್ರಹಕಾರ ಹುಬ್ಬೇರಿಸಿದ. ಪೆನ್ಸಿಲುಗಳು ಅಲುಗಾಡಲಿಲ್ಲ. ಎಂಟು ಸಾಲು ಮುಗಿಸಿ, ವಿಯೋಲಾವನ್ನು ಕಣ್ಣೆತ್ತಿ ನೋಡದೆ ಮೇಜಿನ ಮೇಲಿಟ್ಟು, "ಸ್ವಲ್ಪ ವಿರಾಮ," ಎಂದು ಹೊರಗೆ ಪಡಸಾಲೆಗೆ ಬಂದುಬಿಟ್ಟರು.

ಹಿಂದೆಯೇ ಆ ವಯಸ್ಸಾದ ಹೆಂಗಸು ಬಂದಳು. ಮೆಲ್ಲಗೆ ನಡೆಯುವ, ಮೆಲ್ಲಗೆ ಮಾತಾಡುವ ಹೆಂಗಸು.

"ಒಂದು ಮಾತು ಕೇಳ್ಬಹುದಾ? ಈಗ ನುಡಿಸಿದ್ರಲ್ಲ ದೊಡ್ಡದು, ಅದು ಬಿರಡೆ ಒಂದು ಬೇರೆ ಇರೋದೇ ತಾನೆ? ಅದಲುಬದಲು ಆಗಿಲ್ವಲ್ಲ?"

"ಇಲ್ಲ. ಅದೇ. ಯಾಕೆ?"

"ಅದು ನಮ್ಮನೇದು. ನಮ್ಮ ಯಜಮಾನ್ರದ್ದು." ಆಕೆ ಕೈಚೀಲದ ಹಿಡಿಯನ್ನು ತಿರುಗಿಸುತ್ತ ನಿಂತಳು. "ಅವರು ಸೇತುವೆ ಕಟ್ಟೋ ಇಂಜಿನಿಯರು. ಇದು ಅವರ ಹುಚ್ಚು. ದಿನಾ ಸಂಜೆ ಕೋಣೆ ಬಾಗಿಲು ಹಾಕ್ಕೊಂಡು ನುಡಿಸೋರು. ಬಾಗಿಲು ತೆಗೆದು ನುಡಿಸಿ ಅಂದ್ರೆ ಕೇಳ್ತಿರ್ಲಿಲ್ಲ. ಮದುವೆ ಆದಾಗಿಂದ ಹೊರಗೆ ಕೂತೇ ಕೇಳಿದ್ದು ನಾನು. ಹೋದ ವರ್ಷ ತೀರ್ಕೊಂಡ್ರು. ಪೆಟ್ಟಿಗೆ ಅವರ ಕುರ್ಚಿ ಮೇಲೆ ಅವರೇ ಕೂತ ಹಾಗೆ ಇರ್ತಿತ್ತು, ನೋಡೋಕಾಗ್ಲಿಲ್ಲ. ಅದಕ್ಕೇ ಕೊಟ್ಬಿಟ್ಟೆ."

ಮೇಷ್ಟ್ರು ಬೆರಳಿಗಂಟಿದ ರಾಳದ ಪುಡಿಯನ್ನು ಒರೆಸಿಕೊಂಡರು.

"ಒಂದು ಸಲ ಬಾಗಿಲಿಲ್ದೆ ಕೇಳೋಣ ಅಂತ ಬಂದೆ ಇವತ್ತು," ಎಂದಳು ಆಕೆ. "ತುಂಬ ಚೆನ್ನಾಗಿರುತ್ತೆ ಅಂದ್ಕೊಂಡಿದ್ದೆ. ನಂಗೇನು ಸಂಗೀತ ಗೊತ್ತಿಲ್ಲ ಬಿಡಿ. ಇಷ್ಟು ವರ್ಷ ನಾನು ಕೇಳ್ತಾ ಇದ್ದದ್ದು ಬಾಗಿಲಿನ ಸಂಗೀತಾನೋ ಏನೋ." ನಗಲು ನೋಡಿದಳು, ನಗು ಅರ್ಧಕ್ಕೇ ನಿಂತಿತು. "ಬರ್ತೀನಿ. ತೊಂದ್ರೆ ಕೊಟ್ಟೆ."

ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಆಕೆ ಬೈಯಲಿಲ್ಲ, ಅನುಮಾನ ಪಡಲೂ ಇಲ್ಲ. ತನ್ನ ಕಿವಿಯನ್ನೇ, ತನ್ನ ಅಷ್ಟೂ ವರ್ಷಗಳ ಸಂಜೆಗಳನ್ನೇ ಅನುಮಾನಿಸಿ ಹೊರಟಿದ್ದಳು. ಒಬ್ಬಳೇ ಹೋಗಿ ಆ ಮನೆಯಲ್ಲಿ ಈ ಯೋಚನೆಯ ಜೊತೆ ಕೂರುತ್ತಾಳೆ. ಅಂಥ ಕೋಣೆ ಹೇಗಿರುತ್ತದೆ ಎಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಿಲ್ಲಿ," ಎಂದರು. ದನಿ ಗಟ್ಟಿಯಾಗಿಯೇ ಬಂತು. "ಹೋಗ್ಬೇಡಿ. ಒಳಗೆ ಬನ್ನಿ. ಕುದುರೆ ಸ್ವಲ್ಪ ವಾಲಿತ್ತು, ಅದಕ್ಕೇ ಹಾಗೆ ಕೇಳ್ತು. ಸರಿ ಮಾಡ್ತೀನಿ."

ಕೋಣೆಯಲ್ಲಿ ಕೂತವರಿಗೂ ಅದನ್ನೇ ಹೇಳಿ, ಮೇಜಿನ ಬಳಿ ಬೆನ್ನು ತಿರುಗಿಸಿ ನಿಂತು ಏನೋ ಸರಿಮಾಡಿದಂತೆ ಮಾಡಿದರು. ಆಮೇಲೆ ತಿರುಗಿ ನುಡಿಸಿದರು. ಎಂಟು ಸಾಲನ್ನು ಅಷ್ಟು ವರ್ಷ ನುಡಿಸಿದ್ದರೂ ಯಾರೋ ಒಬ್ಬರಿಗೆ ಎಂದು ನುಡಿಸಿದ್ದು ಅದೇ ಮೊದಲು. ದಪ್ಪ ತಂತಿಯ ದನಿ ನೆಲದ ಹಲಗೆಗಳಲ್ಲಿ ಹರಿದು ಕೊನೆಯ ಸಾಲಿನ ಕುರ್ಚಿಗಳ ಕಾಲಿನವರೆಗೂ ಹೋಯಿತು. ಮೇಲಿನ ಸ್ವರದಲ್ಲಿ ಅವರು ಎಂದಿಗಿಂತ ಹೆಚ್ಚು ಹೊತ್ತು ನಿಂತರು. ಎಂಟು ಸಾಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ; ತಂಡದಲ್ಲಿ ನುಡಿಸುತ್ತಿದ್ದ ಆ ನಡುವಿನ ಭಾಗವನ್ನೂ ನುಡಿಸಿಬಿಟ್ಟರು. ಮುಗಿದಾಗ ಯಾರೂ ಕೆಮ್ಮಲಿಲ್ಲ. ಆಮೇಲೆ ಪೆನ್ಸಿಲುಗಳ ಗೀಚುವ ಸದ್ದು ಒಟ್ಟಿಗೇ ಶುರುವಾಯಿತು. ಹಿಂದಿನ ಸಾಲಿನಲ್ಲಿ ಆಕೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು, ಕೈಚೀಲ ಜಾರಿ ನೆಲಕ್ಕೆ ಬಿದ್ದದ್ದೂ ಗೊತ್ತಿರಲಿಲ್ಲ.

ಕೈಗೆ ಬಂದದ್ದನ್ನು ಕೈಯಾರೆ ಕಳೆದುಕೊಂಡೆ ಎಂದು ಮೇಷ್ಟ್ರಿಗೆ ಆಗಲೇ ಗೊತ್ತಾಯಿತು. ಆದರೂ ಸಂಜೆ ಸುತ್ತಿಗೆಯಮ್ಮನ ಕೋಣೆಗೆ ಹೋದರು.

"ನಾನು ಕೆಲಸ ಬಿಡ್ತೀನಿ. ನಾಳೆ ಆ ಕಡೆ ಕೂತು ಕೂಗ್ತೀನಿ."

ಆಕೆ ಕನ್ನಡಕ ತೆಗೆದು ಅವರನ್ನು ನೋಡಿದಳು. ಯಾವುದಕ್ಕೆ ಎಂದು ಕೇಳಲಿಲ್ಲ. "ಆ ಕುದುರೆ ವಾಲಿರ್ಲಿಲ್ಲ ಮೇಷ್ಟ್ರೆ. ಬೆಳಿಗ್ಗೆ ನಾನೇ ನೋಡಿದ್ದೆ."

ಮೇಷ್ಟ್ರು ನೆಲ ನೋಡಿದರು.

"ಆಮೇಲೆ ನುಡಿಸಿದ್ರಲ್ಲ," ಎಂದಳು ಆಕೆ. "ಅದಕ್ಕೇ ಸುಮ್ನಿದ್ದೆ. ಇಲ್ದಿದ್ರೆ ಇವತ್ತೇ ನಾನೇ ಕಳಿಸ್ತಿದ್ದೆ." ಮೇಜಿನ ಖಾನೆಯಿಂದ ಸವಾಲು ಕೂಗುವವರು ಎತ್ತುವ, ಸಂಖ್ಯೆ ಬರೆದ ಒಂದು ಪುಟ್ಟ ಹಲಗೆ ತೆಗೆದು ಅವರ ಮುಂದಿಟ್ಟಳು. "ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ. ಬೆಳಗಿನ ಹೊತ್ತು ಮುಂದಿನ ಕುರ್ಚಿ ಬೇಗ ತುಂಬುತ್ತೆ."

ಮರುದಿನ ಮೇಷ್ಟ್ರು ಇಸ್ತ್ರಿ ಅಂಗಿ ಹಾಕಿಕೊಂಡು, ಎಡಗಡೆ ಮೂರನೇ ಸಾಲಿನ ತುದಿಯಲ್ಲಿ ಕೂತರು. ಇಷ್ಟು ವರ್ಷ ಆ ಕೋಣೆಯನ್ನು ಎದುರಿನಿಂದ ನೋಡಿದ್ದರು; ಕುರ್ಚಿಗಳ ಕಡೆಯಿಂದ ಅದು ಬೇರೆಯವರ ಮನೆಯ ಹಾಗೆ ಕಾಣಿಸಿತು. ಕಾವಲಿನವನು "ಏನ್ ಮೇಷ್ಟ್ರೆ, ಇಲ್ಲಿ ಕೂತಿದ್ದೀರಿ?" ಎಂದು ಹಲ್ಲು ಕಿರಿದು, ಅವರ ಕೈಯ ಹಲಗೆ ನೋಡಿ ನಗುವನ್ನು ಒಳಗೆ ಎಳೆದುಕೊಂಡು ಸರಿದುಹೋದ.

ಆ ವಿಯೋಲಾ ಬಂದಾಗ ಮೊದಲು ಮೂರ್ನಾಲ್ಕು ಹಲಗೆಗಳು ಮೇಲೆದ್ದವು. ಮೇಷ್ಟ್ರೂ ಎತ್ತಿದರು. ಒಬ್ಬ ವ್ಯಾಪಾರಿ ತಲೆಯಾಡಿಸಿ ಹಿಂದೆ ಸರಿದ. ಸಂಗ್ರಹಕಾರ ಸ್ವಲ್ಪ ದೂರ ಬಂದು ಬಿಟ್ಟುಕೊಟ್ಟ. ಉಳಿದದ್ದು ದೂರದ ಯಾರದೋ ಪರವಾಗಿ ಗೋಡೆಯ ಪಕ್ಕ ಫೋನು ಹಿಡಿದು ನಿಂತ ಗುಮಾಸ್ತೆ, ಮತ್ತು ಮೇಷ್ಟ್ರು. ಫೋನಿನ ಆ ತುದಿಯಲ್ಲಿ ಯಾರಿದ್ದಾರೋ, ಯಾವ ಊರಿನವರೋ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ತಮ್ಮ ಮಿತಿಯನ್ನು ಮುಟ್ಟಿದರು. ಅದನ್ನು ದಾಟಿ ಒಂದು ಸಲ ಎತ್ತಿದರು.

"ನನ್ನ ಬಲಕ್ಕೆ, ಮೂರನೇ ಸಾಲು," ಎಂದಳು ಸುತ್ತಿಗೆಯಮ್ಮ.

ಗುಮಾಸ್ತೆ ಫೋನಿನಲ್ಲಿ ಪಿಸುಗುಟ್ಟುತ್ತಿದ್ದಳು. ಆ ಕಡೆಯಿಂದ ಉತ್ತರ ಬರಲು ತಡವಾಯಿತು. ಬೇರೆ ದಿನವಾಗಿದ್ದರೆ ಸುತ್ತಿಗೆಯಮ್ಮ ಅವಸರ ಮಾಡುತ್ತಿದ್ದಳು, ಅವತ್ತು ಮಾಡಲಿಲ್ಲ. ಸುತ್ತಿಗೆಯನ್ನು ಕೈಯಲ್ಲಿ ಹಿಡಿದು, "ಮೂರನೇ ಸಾಲಿನವರದು," ಎಂದು ಮತ್ತೊಮ್ಮೆ ನಿಧಾನವಾಗಿ ಹೇಳಿದಳು. ಅಷ್ಟು ಹೊತ್ತು ಆ ವಿಯೋಲಾ ಮೇಷ್ಟ್ರದಾಗಿತ್ತು. ಅವರು ಅದನ್ನೇ ನೋಡುತ್ತ ಕೂತರು. ಅದರ ಸವೆದ ಗಲ್ಲದ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಒಲೆಯ ಪಕ್ಕದ ಗೋಡೆ ತೇವ, ಅಲ್ಲಿಡಬಾರದು, ಅಂಗಿಗಳನ್ನೆಲ್ಲ ತೆಗೆದು ಆ ಕುರ್ಚಿಯ ಮೇಲಿಡಬೇಕು ಎಂದು ಜಾಗ ಕೂಡ ಗೊತ್ತುಮಾಡಿಕೊಂಡರು.

ಗುಮಾಸ್ತೆ ತಲೆ ಎತ್ತಿ ಕೈ ಮೇಲೆ ಮಾಡಿದಳು.

ಸುತ್ತಿಗೆಯಮ್ಮ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಹಲಗೆಯನ್ನು ತೊಡೆಯ ಮೇಲೆ ಮಗುಚಿ ಇಟ್ಟು, ಇಲ್ಲ ಎಂದು ತಲೆಯಾಡಿಸಿದರು. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಸುತ್ತಿಗೆ ಬಿತ್ತು. ಮುಂದಿನ ವಿಯೋಲಾ ಮೇಜಿಗೆ ಬಂತು.

ಮೆಟ್ಟಿಲ ಬಳಿ ಆ ಹೆಂಗಸು ಕಾಯುತ್ತಿದ್ದಳು. ನಿನ್ನೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡು ಬಂದವಳಂತೆ ಒಂದೇ ಉಸಿರಿಗೆ ಹೇಳಿದಳು: ಮನೆ ಬಹಳ ಸುಮ್ಮನಿದೆ, ಸಂಜೆ ಹೊತ್ತು ಆಗುವುದಿಲ್ಲ, ತೊಂದರೆಯಿಲ್ಲದಿದ್ದರೆ ಒಂದು ದಿನ ಬಂದು ಯಜಮಾನರ ಕೋಣೆಯಲ್ಲಿ ನುಡಿಸುತ್ತೀರಾ? "ನಿಮ್ಮ ಹತ್ರ ಒಂದು ಇರುತ್ತಲ್ಲ?"

"ಇದೆ," ಎಂದರು ಮೇಷ್ಟ್ರು. "ಅಷ್ಟೇನೂ ಚೆನ್ನಾಗಿಲ್ಲ."

"ಪರವಾಗಿಲ್ಲ. ಬಾಗಿಲು ಹಾಕ್ಕೊಂಡು ನುಡಿಸಿ, ಸಾಕು."

ಆ ವಾರವೇ ಹೋದರು. ಯಾರೋ ತಮಗಾಗಿ ಕಾಯುತ್ತಿದ್ದಾರೆ ಎಂಬುದು ದಾರಿಯುದ್ದಕ್ಕೂ ಹೊಸ ಶೂಗಳಂತೆ ಹಿತವಾಗಿಯೂ ಇತ್ತು, ಕಚ್ಚುತ್ತಲೂ ಇತ್ತು. ಓಣಿಯ ಕೊನೆಯ ಮನೆ. ಕೋಣೆಯಲ್ಲಿ ಸೇತುವೆಗಳ ಚಿತ್ರಗಳು, ಸಂಗೀತದ ಹಾಳೆ ಇಡುವ ಕಬ್ಬಿಣದ ನಿಲುವು, ಕೂತು ಕೂತು ತಗ್ಗಾದ ಕುರ್ಚಿ. ಆಕೆ ದೀಪ ಹಾಕಿ, ಬಾಗಿಲು ಎಳೆದುಕೊಂಡು ಹೋದಳು. ಮೇಷ್ಟ್ರು ತಮ್ಮ ಕೆಮ್ಮುವ ವಿಯೋಲಾವನ್ನು ತೆಗೆದು ಬಹಳ ಹೊತ್ತು ನುಡಿಸಿದರು. ಸತ್ತವರ ಕುರ್ಚಿಯಲ್ಲಿ ಕೂರದೆ, ನಿಂತೇ ನುಡಿಸಿದರು.

ಬಾಗಿಲು ತೆಗೆದಾಗ ಆಕೆ ಹೊರಗಿನ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಳು.

"ಮುಗೀತಾ?"

"ಮುಗೀತು."

ಅಡುಗೆಮನೆಯಲ್ಲಿ ಚಹಾ ಕೊಟ್ಟಳು. ತಾನೂ ಎದುರು ಕೂತಳು. ತನ್ನ ಲೋಟವನ್ನು ಮುಟ್ಟಲಿಲ್ಲ.

"ಬೇಜಾರು ಮಾಡ್ಕೋಬೇಡಿ," ಎಂದಳು ಆಮೇಲೆ. "ಇನ್ನು ಬರ್ಬೇಡಿ. ನೀವು ಚೆನ್ನಾಗೇ ನುಡಿಸ್ತೀರಿ, ಅದಲ್ಲ. ಅವರು ಆ ಬಾಗಿಲು ಹಾಕ್ಕೊಂಡಾಗೆಲ್ಲ ನಂಗೆ ಎಷ್ಟು ಕೋಪ ಬರ್ತಿತ್ತು ಗೊತ್ತಾ? ಕೋಪ ಮಾಡ್ಕೊಂಡೇ ಕೂತು ಕೇಳ್ತಿದ್ದೆ. ಇವತ್ತೂ ಬರುತ್ತೆ ಅಂದ್ಕೊಂಡಿದ್ದೆ. ಬರ್ಲಿಲ್ಲ."

ಮೇಷ್ಟ್ರು ಚಹಾ ಮುಗಿಸಿದರು. ಆಕೆಯ ಮಾತು ಅವರಿಗೆ ಪೂರ್ತಿ ಅರ್ಥವಾಗಿತ್ತು; ಪೆಟ್ಟಿಗೆ ಎತ್ತಿಕೊಂಡು ಎದ್ದರು. ಬಾಗಿಲವರೆಗೆ ಬಂದು ಆಕೆ, "ಹುಷಾರು, ಮೆಟ್ಟಿಲು ಒಂದು ಎತ್ತರ ಇದೆ," ಎಂದಳು. ಅವರು ಬೀದಿಯ ತಿರುವು ಮುಟ್ಟುವ ಮೊದಲೇ ಆ ಕೋಣೆಯ ದೀಪ ಆರಿತು.

ಒಂದೆರಡು ತಿಂಗಳು ಬಿಟ್ಟು ಸುತ್ತಿಗೆಯಮ್ಮನಿಂದ ಕರೆ ಬಂತು. ಹೊಸ ಮಾಲು ಬಂದಿದೆ, ಇಬ್ಬರನ್ನು ಕರೆಸಿ ನೋಡಿದೆ, ಒಬ್ಬ ತನ್ನ ಜಂಬ ನುಡಿಸುತ್ತಾನೆ, ಇನ್ನೊಬ್ಬನಿಗೆ ಕಿವಿಯೇ ಇಲ್ಲ, ನೀವೇ ಬನ್ನಿ ಎಂದಳು. ಹಳೆಯದರ ಮಾತೆತ್ತಲಿಲ್ಲ. ಮೇಷ್ಟ್ರು ಹೋದರು. ಬೇರೆ ಎಲ್ಲಿಗೆ ಹೋಗುವುದು? ಆ ದೊಡ್ಡ ವಿಯೋಲಾ ಎಲ್ಲಿ ಸೇರಿತೆಂದು ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಕೇಳಲಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಲು ಅವರಿಗೆ ಬಹಳ ದಿನ ಬೇಕಾಯಿತು. ಒಂದು ಭಾನುವಾರ ಬೆಳಿಗ್ಗೆ ಹೇಳಿದರು, ಕೆಟ್ಟದಾಗಿ ನುಡಿಸಿದ್ದನ್ನೂ ಸೇರಿಸಿ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು. ಅವಳ ಪಾಲಿಗೆ ಅದು ದೊಡ್ಡ ಸಂಗತಿ.

"ನಿಂದು ನಾನು ಕೇಳೇ ಇಲ್ಲ ಕಣೋ," ಎಂದಳು ಕೊನೆಗೆ. "ಚಿಕ್ಕೋನಿದ್ದಾಗ ಕೇಳಿದ್ದು. ಫೋನ್ ಅಲ್ಲೇ ಪಕ್ಕದಲ್ಲಿಟ್ಟು ನುಡಿಸು ನೋಡೋಣ."

"ಈಗಲಾ?"

"ಇನ್ಯಾವಾಗ? ನಾನೇನು ಟಿಕೆಟ್ ತಗೋಬೇಕಾ?"

ಮೇಷ್ಟ್ರು ಅಂಗಿಗಳನ್ನು ಮಂಚಕ್ಕೆ ಹಾಕಿ, ಆ ಕುರ್ಚಿಯ ಮೇಲೆ ಫೋನು ಇಟ್ಟರು. ತಮ್ಮ ವಿಯೋಲಾ ತೆಗೆದು, ತಂಡದ ಕಾಲದ ಒಂದು ಭಾಗ ನುಡಿಸಿದರು. ಮುಗಿಸಿ ಫೋನು ಎತ್ತಿಕೊಂಡಾಗ ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಅಕ್ಕ, ಇದ್ದೀಯಾ?"

"ಇದ್ದೀನಿ, ಇದ್ದೀನಿ. ಚೆನ್ನಾಗಿದೆ. ಆದ್ರೆ ಹಾಡು ಎಲ್ಲೋ? ಬರೀ ಹಿಂದೂ ಮುಂದೂ ಓಡಾಡ್ದಂಗಿತ್ತು."

"ಹಾಡು ಬೇರೆಯವರ ಹತ್ರ ಇರುತ್ತಕ್ಕ. ನಂದು ನಡುವಿನದು."

"ಅವರೆಲ್ಲ ಎಲ್ಲಿ?"

"ಈಗಿಲ್ಲ."

ನಲ್ಲಿ ನಿಂತಿತು. ಅಕ್ಕ ಕೈ ಒರೆಸಿಕೊಂಡು ಕುರ್ಚಿ ಎಳೆದುಕೊಂಡದ್ದು ಕೇಳಿಸಿತು.

"ಸರಿ, ಇನ್ನೊಂದ್ಸಲ ನುಡಿಸು," ಎಂದಳು. "ಈ ಸಲ ಕೂತ್ಕೊಂಡು ಕೇಳ್ತೀನಿ."